ಕಾಲು ಲೀಟರ್ ರಕ್ತ



ಮೂರು ಕೆಜಿ ತೂಕದ, ಈಗಷ್ಟೇ ಹುಟ್ಟಿದ ಕೂಸಿನ ಮೈಯಲ್ಲಿ ರಕ್ತ ಎಷ್ಟಿರುತ್ತದೆ ಗೊತ್ತೇ? ಸುಮಾರು 250 ಮಿಲಿಲೀಟರ್. ಕಾಲು ಲೀಟರ್, ಅಷ್ಟೇ. ರಕ್ತದಾನ ಶಿಬಿರದಲ್ಲಿ ದೊಡ್ಡವರೊಬ್ಬರು ಒಂದು ಸಲಕ್ಕೆ ಕೊಡುವುದು 350 ಮಿಲಿಲೀಟರ್. ಮಲಗಿ, ಕೊಟ್ಟು, ಬಿಸ್ಕತ್ತು ತಿಂದು ಅವರು ಎದ್ದು ಹೋಗುತ್ತಾರೆ. ಅಷ್ಟು ರಕ್ತ ಆ ಕೂಸಿನ ಇಡೀ ದೇಹದಲ್ಲಿಲ್ಲ. ಅಂಥ ಮಗುವಿನ ಎದೆ ತೆರೆದು ಹೃದಯವನ್ನು ಸರಿಪಡಿಸಬೇಕಾದಾಗ ವೈದ್ಯರು ಎರಡು ಅಪಾಯಗಳನ್ನು ಒಟ್ಟಿಗೇ ಎದುರಿಸುತ್ತಾರೆ. ರಕ್ತ ನಿಲ್ಲದೆ ಸೋರುವುದು ಒಂದು. ಹೆಪ್ಪುಗಟ್ಟಬಾರದ ಜಾಗದಲ್ಲಿ ಹೆಪ್ಪುಗಟ್ಟುವುದು ಇನ್ನೊಂದು. ಈ ಎರಡರ ನಡುವೆ ಮಗುವನ್ನು ಹೇಗೆ ಕಾಯುತ್ತಾರೆ, ಅದರಲ್ಲಿ ಮನೆಯವರ ಪಾಲು ಎಷ್ಟು ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ತಂದೆತಾಯಿಯರು, ಅಜ್ಜಿಯರು, ಆಶಾ ಕಾರ್ಯಕರ್ತೆಯರು ಇದನ್ನು ಮುಖ್ಯವಾಗಿ ಕೇಳಬೇಕು ಎಂಬುದು ನನ್ನ ಆಸೆ.

ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಪ್ರಪಂಚದ ಎಲ್ಲ ಕಡೆಯೂ ಲೆಕ್ಕ ಹೆಚ್ಚುಕಡಿಮೆ ಹೀಗೇ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ರೂಢಿ ಇನ್ನೂ ಉಳಿದಿದೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇಂಥ ದೋಷದ ಸಾಧ್ಯತೆ ಹೆಚ್ಚು. ಆದರೆ ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಲ್ಲೂ ಇದು ಬರುತ್ತದೆ, ಹಾಗಾಗಿ ಯಾವ ತಾಯಿಯ ಮೇಲೂ ತಪ್ಪು ಹೊರಿಸಬೇಡಿ. ಗ್ರಹಣ ನೋಡಿದ್ದಕ್ಕೆ ಬಂತು, ಬಸುರಿಯಿದ್ದಾಗ ಏನೋ ತಿಂದದ್ದಕ್ಕೆ ಬಂತು ಎಂದು ಬಾಣಂತಿಯನ್ನು ನೋಯಿಸುವ ಮಾತು ಮನೆಯಲ್ಲಿ ಬರಲೇಬಾರದು.

‘ಹಾರ್ಟಲ್ಲಿ ತೂತು’ ಎಂದು ಜನ ಹೇಳುತ್ತಾರಲ್ಲ, ಅವುಗಳಲ್ಲಿ ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಲವಕ್ಕೆ ತಿಂಗಳುಗಟ್ಟಲೆ ಕಾಯಬಹುದು. ಕಾಯಲಾಗದ ದೋಷಗಳು ಬೇರೆ ಇವೆ. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿರುವುದು, ಶ್ವಾಸಕೋಶಕ್ಕೆ ಹೋಗುವ ದಾರಿ ಮುಚ್ಚಿರುವುದು, ಮೈಗೆ ರಕ್ತ ಒಯ್ಯುವ ನಾಳ ಕಿರಿದಾಗಿರುವುದು. ಗರ್ಭದಲ್ಲಿದ್ದಾಗ ತೆರೆದಿದ್ದ ಒಂದು ಪುಟ್ಟ ನಾಳ ಹುಟ್ಟಿದ ಮೇಲೆ ಕೆಲವು ದಿನ ತೆರೆದೇ ಇರುತ್ತದೆ. ಇಂಥ ಮಕ್ಕಳು ಅದರ ಆಸರೆಯಿಂದಲೇ ಉಸಿರಾಡುತ್ತಿರುತ್ತಾರೆ. ಆ ನಾಳ ಮುಚ್ಚಿಕೊಳ್ಳುತ್ತಿದ್ದಂತೆ ಮಗು ನೀಲಿಗಟ್ಟುತ್ತದೆ, ಹಾಲು ಬಿಡುತ್ತದೆ, ಸುಸ್ತಾಗುತ್ತದೆ. ಆಗ ನಾಳವನ್ನು ತೆರೆದಿಡುವ ಔಷಧಿಯನ್ನು ಹನಿಹನಿಯಾಗಿ ಕೊಡುತ್ತ, ದೇವನಹಳ್ಳಿಯ ಮೇಲೋ ಹೊಸಕೋಟೆಯ ಮೇಲೋ ದೊಡ್ಡಬಳ್ಳಾಪುರದ ಮೇಲೋ ಬೆಂಗಳೂರಿಗೆ ಓಡಬೇಕಾಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯಿದೆ, ಬೊಮ್ಮಸಂದ್ರದಲ್ಲಿ 2000ದಲ್ಲಿ ಶುರುವಾದ ನಾರಾಯಣ ಹೃದಯಾಲಯವಿದೆ. ಹೃದಯ ಚಿಕಿತ್ಸೆಯನ್ನು ಹಣ ಪಡೆಯದೆ ಮಾಡುವ ಸತ್ಯಸಾಯಿ ಆಸ್ಪತ್ರೆಗಳು ಪುಟ್ಟಪರ್ತಿಯಲ್ಲಿ 1991ರಿಂದ, ವೈಟ್‌ಫೀಲ್ಡ್‌ನಲ್ಲಿ 2001ರಿಂದ ಇವೆ. ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ದೊಡ್ಡ ಆಸ್ಪತ್ರೆ ದೂರದಲ್ಲಿಲ್ಲ. ದೋಷವನ್ನು ಹೊತ್ತಿಗೆ ಸರಿಯಾಗಿ ಕಂಡುಹಿಡಿಯುವುದು ಮತ್ತು ಶಸ್ತ್ರಚಿಕಿತ್ಸೆಯಾಗಿ ಮಗು ಮನೆಗೆ ಬಂದ ಮೇಲೆ ಕಾಯುವುದು, ಈ ಎರಡು ತುದಿಗಳು ಮಾತ್ರ ನಮ್ಮ ಊರುಗಳಲ್ಲೇ ಇವೆ.

ರಕ್ತ ಹೆಪ್ಪುಗಟ್ಟುವುದು ಹೇಗೆ ಎಂಬುದನ್ನು ರೇಷ್ಮೆಯ ಊರಾದ ಶಿಡ್ಲಘಟ್ಟದವರಿಗೆ ಹೇಳುವುದು ಸುಲಭ. ರೇಷ್ಮೆ ಹುಳುವಿನ ಮೈಯೊಳಗೆ ದ್ರವವಾಗಿರುವುದು ಬಾಯಿಂದ ಹೊರಬೀಳುವಾಗ ಗಟ್ಟಿ ಎಳೆಯಾಗುತ್ತದೆ. ನಮ್ಮ ರಕ್ತದಲ್ಲೂ ಫೈಬ್ರಿನೊಜನ್ ಎಂಬ ಒಂದು ಪ್ರೋಟೀನು ಕರಗಿಕೊಂಡು ಹರಿಯುತ್ತಿರುತ್ತದೆ. ಗಾಯವಾದ ಜಾಗದಲ್ಲಿ ಮೊದಲು ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಬಂದು ಮುತ್ತುತ್ತವೆ. ಆಮೇಲೆ ಯಕೃತ್ತಿನಲ್ಲಿ ತಯಾರಾದ ಹತ್ತಾರು ಅಂಶಗಳು ಒಂದರ ಹಿಂದೊಂದು ಎಚ್ಚರಗೊಂಡು, ಕೊನೆಗೆ ಆ ಫೈಬ್ರಿನೊಜನ್ ಎಳೆಗಳಾಗಿ ಬಲೆ ನೇಯುತ್ತದೆ. ಬಲೆ ಬೇಕಾದ್ದಕ್ಕಿಂತ ಹೆಚ್ಚು ಹಬ್ಬದಂತೆ ತಡೆಯುವ ಅಂಶಗಳೂ ಅದೇ ರಕ್ತದಲ್ಲಿವೆ.

ನವಜಾತ ಶಿಶುವಿನಲ್ಲಿ ಈ ಅಂಶಗಳಲ್ಲಿ ಹಲವು ದೊಡ್ಡವರಲ್ಲಿರುವುದರ ಅರ್ಧದಷ್ಟೇ ಇರುತ್ತವೆ. ಹೆಪ್ಪುಗಟ್ಟಿಸುವವೂ ಕಡಿಮೆ, ತಡೆಯುವವೂ ಕಡಿಮೆ. ಕೆನಡಾದ ವೈದ್ಯೆ ಮೌರೀನ್ ಆಂಡ್ರ್ಯೂ 1980ರ ದಶಕದಲ್ಲಿ ಇದನ್ನು ದಿನದಿನಕ್ಕೆ ಅಳೆದು ತೋರಿಸಿದರು. ಆರೋಗ್ಯವಂತ ಕೂಸಿಗೆ ಇದರಿಂದ ತೊಂದರೆಯಿಲ್ಲ, ಎರಡೂ ಕಡೆ ಸಮನಾಗಿ ಕಡಿಮೆ ಇರುವುದರಿಂದ ಸಮತೋಲ ಉಳಿಯುತ್ತದೆ. ಆದರೆ ಕೈಯಲ್ಲಿ ಮಿಗತೆ ಎಂಬುದಿಲ್ಲ. ಸ್ವಲ್ಪ ಅಲುಗಾಡಿದರೂ ಆ ಕಡೆಗೋ ಈ ಕಡೆಗೋ ವಾಲಿಬಿಡುತ್ತದೆ. ಹೃದಯ ಶಸ್ತ್ರಚಿಕಿತ್ಸೆ ಅಂದರೆ ಸ್ವಲ್ಪ ಅಲುಗಾಟವಲ್ಲ.

ಹೃದಯದ ಒಳಗೆ ಕೆಲಸ ಮಾಡಬೇಕಾದರೆ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಆ ಹೊತ್ತಿನಲ್ಲಿ ರಕ್ತಕ್ಕೆ ಆಮ್ಲಜನಕ ಬೆರೆಸಿ ಮೈಗೆಲ್ಲ ಹರಿಸುವುದು ಹಾರ್ಟ್-ಲಂಗ್ ಮಷೀನು. ಅಮೆರಿಕದ ಜಾನ್ ಗಿಬ್ಬನ್ ಅದನ್ನು ಮನುಷ್ಯರ ಮೇಲೆ ಮೊದಲು ಯಶಸ್ವಿಯಾಗಿ ಬಳಸಿದ್ದು 1953ರ ಮೇ 6ರಂದು. ಪ್ಲಾಸ್ಟಿಕ್ ಕೊಳವೆ ತಗುಲಿದೊಡನೆ ರಕ್ತ ಹೆಪ್ಪುಗಟ್ಟಲು ಹೊರಡುತ್ತದೆ, ಅದಕ್ಕೇ ಮೊದಲು ಹೆಪಾರಿನ್ ಕೊಡುತ್ತಾರೆ. ಈ ಔಷಧಿಯ ಕಥೆಯೂ ಕೇಳುವಂಥದ್ದು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ಸಿಕ್ಕಿದ್ದು ಅದಕ್ಕೆ ವಿರುದ್ಧವಾದದ್ದು. ಇವತ್ತು ಅದಿಲ್ಲದೆ ಪ್ರಪಂಚದ ಯಾವ ಹೃದಯ ಶಸ್ತ್ರಕೊಠಡಿಯೂ ನಡೆಯುವುದಿಲ್ಲ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಹೆಪ್ಪುಗಟ್ಟಬೇಕಾದ ರಕ್ತಕ್ಕೆ ಹೆಪಾರಿನ್ ಕೊಟ್ಟ ಮೇಲೆ ಏಳೆಂಟು ನಿಮಿಷ ಬೇಕು. ಆ ಸಮಯವನ್ನು ಅಳೆದು ನೋಡಿಕೊಂಡೇ ಮಷೀನು ಚಾಲೂ ಮಾಡುತ್ತಾರೆ.

ಕೂಸಿನ ಕಷ್ಟ ಶುರುವಾಗುವುದು ಇಲ್ಲಿಂದಲೇ. ಮಷೀನಿನ ಕೊಳವೆಗಳನ್ನು ತುಂಬಿಸಲು ಸಾಮಾನ್ಯವಾಗಿ 200 ಮಿಲಿಲೀಟರಿನ ಆಸುಪಾಸು ದ್ರವ ಬೇಕು. ಮಗುವಿನ ಮೈಯಲ್ಲಿರುವುದೇ 250. ಮೊದಲೇ ಅರ್ಧವಿದ್ದ ಅಂಶಗಳು ಆ ದ್ರವದಲ್ಲಿ ಬೆರೆತು ಇನ್ನಷ್ಟು ತೆಳುವಾಗುತ್ತವೆ. ದೊಡ್ಡವರಲ್ಲಿ ಇಷ್ಟು ತೆಳುವಾಗುವುದಿಲ್ಲ, ಐದು ಲೀಟರ್ ರಕ್ತದ ಮುಂದೆ ಮಷೀನಿನ ದ್ರವದ ಪಾಲು ಚಿಕ್ಕದು. ಇದರ ಮೇಲೆ ಮಗುವಿನ ಮೈಯನ್ನು ತಣ್ಣಗೆ ಮಾಡಬೇಕು. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ 18–20 ಡಿಗ್ರಿಯವರೆಗೂ ಇಳಿಸುತ್ತಾರೆ. ತಣ್ಣಗಾದ ಮೈಯಲ್ಲಿ ಪ್ಲೇಟ್‌ಲೆಟ್‌ಗಳು ಮಂಕಾಗುತ್ತವೆ. ಕೆಲಸ ಮುಗಿದು ಹೃದಯ ಮತ್ತೆ ಬಡಿಯತೊಡಗಿದಾಗ ಹೆಪಾರಿನ್ನಿನ ಪ್ರಭಾವ ಇಳಿಸಲು ಪ್ರೊಟಮಿನ್ ಕೊಡುತ್ತಾರೆ. ಅದು ಮೊದಲು ಸಿಕ್ಕಿದ್ದು ಸಾಲ್ಮನ್ ಮೀನಿನಿಂದ. ಅದನ್ನೂ ಅಳತೆ ಮೀರಿ ಕೊಡುವಂತಿಲ್ಲ, ಹೆಚ್ಚಾದರೆ ಅದೇ ರಕ್ತ ಸೋರಲು ಕಾರಣವಾಗುತ್ತದೆ.

ಮಗು ಐಸಿಯುಗೆ ಬಂದ ಆ ಮೊದಲ ರಾತ್ರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಾಜಿನ ಬಾಗಿಲಿನಾಚೆ ನಿಂತ ಅಪ್ಪಂದಿರಿಗೆ ಒಳಗೆ ಏನು ನಡೆಯುತ್ತಿದೆ ಎಂದು ಯಾರೂ ಕೂತು ಹೇಳುವುದಿಲ್ಲ, ಹೇಳಬೇಕಾದದ್ದು ನಮ್ಮ ಕರ್ತವ್ಯ. ಮಗುವಿನ ಎದೆಯಿಂದ ಒಂದೋ ಎರಡೋ ಕೊಳವೆಗಳು ಡ್ರೈನ್ ಬಾಟಲಿಗೆ ಇಳಿದಿರುತ್ತವೆ. ನರ್ಸ್ ಗಂಟೆಗಂಟೆಗೂ ಅದರಲ್ಲಿ ಎಷ್ಟು ಬಂತು ಎಂದು ಬರೆಯುತ್ತಾರೆ. ದೊಡ್ಡವರಲ್ಲಿ ಒಂದು ಗಂಟೆಗೆ 30 ಮಿಲಿಲೀಟರ್ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಮೂರು ಕೆಜಿಯ ಮಗುವಿಗೆ ಅಷ್ಟು ಹೋದರೆ ಮೈಯ ರಕ್ತದಲ್ಲಿ ಎಂಟನೆಯ ಒಂದು ಪಾಲು ಹೋದಂತೆ. ಆಗ ವೈದ್ಯರು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಹೊಲಿಗೆ ಹಾಕಿದ ಜಾಗದಿಂದ ಬರುತ್ತಿದೆಯೋ, ರಕ್ತವೇ ಹೆಪ್ಪುಗಟ್ಟುತ್ತಿಲ್ಲವೋ? ಹೊಲಿಗೆಯ ಸೋರಿಕೆಗೆ ಯಾವ ಔಷಧಿಯೂ ಕೆಲಸ ಮಾಡದು, ಮತ್ತೆ ತೆರೆದು ನೋಡಲೇಬೇಕು. ‘ಇನ್ನೊಂದು ಸಲ ಥಿಯೇಟರ್‌ಗೆ ಕರಕೊಂಡು ಹೋಗಬೇಕು’ ಎಂದು ವೈದ್ಯರು ಸಹಿ ಕೇಳಿದಾಗ ತಂದೆತಾಯಿಗೆ ಎದೆ ಒಡೆದಂತಾಗುತ್ತದೆ. ಅದು ಎಡವಟ್ಟಾಯಿತೆಂಬ ಸೂಚನೆಯಲ್ಲ. ಹೊತ್ತು ಕಳೆಯದೆ ಹಾಗೆ ಕರೆದೊಯ್ಯುವುದರಿಂದಲೇ ಎಷ್ಟೋ ಮಕ್ಕಳು ಉಳಿಯುತ್ತವೆ.

ಬಾಟಲಿಗೆ ಬರುವುದು ಇದ್ದಕ್ಕಿದ್ದಂತೆ ನಿಂತುಹೋದರೆ? ಸೋರುವುದು ನಿಂತಿತೆಂದು ಸಂತೋಷಪಡುವ ಮುಂಚೆ ಕೊಳವೆಯಲ್ಲಿ ಹೆಪ್ಪು ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಹೊರಬರಲಾರದ ರಕ್ತ ಹೃದಯದ ಸುತ್ತ ತುಂಬಿ ಅದನ್ನು ಒತ್ತತೊಡಗುತ್ತದೆ. ಬಿಪಿ ಇಳಿಯುತ್ತದೆ, ಮೂತ್ರ ನಿಲ್ಲುತ್ತದೆ. ಅನುಭವವಿರುವ ನರ್ಸ್ ಇದನ್ನು ಮಾನಿಟರಿಗಿಂತ ಮೊದಲೇ ಗುರುತಿಸುತ್ತಾರೆ. ಮಕ್ಕಳ ಹೃದಯ ಐಸಿಯುಗಳಲ್ಲಿ ರಾತ್ರಿ ಪಾಳಿಯ ನರ್ಸುಗಳು ಮಾಡುವ ಕೆಲಸಕ್ಕೆ ತಕ್ಕ ಗೌರವ ನಮ್ಮ ಸಮಾಜ ಇನ್ನೂ ಕೊಟ್ಟಿಲ್ಲ.

ಹೊಲಿಗೆಯದಲ್ಲದ ಸೋರಿಕೆಯಾದರೆ ಮೊದಲು ಮಗುವನ್ನು ಬೆಚ್ಚಗಿಡುತ್ತಾರೆ, ಕ್ಯಾಲ್ಸಿಯಂ ಸರಿಪಡಿಸುತ್ತಾರೆ. ಹೆಪ್ಪು ಕರಗಿಹೋಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆಚ್ಚಿನ ಕಡೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಕೊಟ್ಟಿರುತ್ತಾರೆ. ಇದು ಜಪಾನಿನ ಒಕಾಮೊಟೊ ದಂಪತಿಗಳು 1962ರಲ್ಲಿ ಕೊಟ್ಟ ಔಷಧಿ. ಆಮೇಲೆ ಯಾವುದು ಕೊರತೆಯೋ ಅದನ್ನು ತುಂಬಬೇಕು. ಪ್ಲೇಟ್‌ಲೆಟ್, ಪ್ಲಾಸ್ಮಾ, ಫೈಬ್ರಿನೊಜನ್ ಹೇರಳವಾಗಿರುವ ಕ್ರಯೋ ಎಂದು ಕರೆಯುವ ಅಂಶ. ಎಲ್ಲವನ್ನೂ ಸುರಿದುಬಿಡಲು ಆ ಪುಟ್ಟ ಹೃದಯ ತಡೆಯದು, ಹತ್ತು ಹದಿನೈದು ಮಿಲಿಲೀಟರಿನ ಲೆಕ್ಕದಲ್ಲಿ ಅಳೆದು ಕೊಡಬೇಕು. ರಕ್ತದ ಹನಿಯೊಂದು ಹೇಗೆ ಹೆಪ್ಪುಗಟ್ಟುತ್ತಿದೆ, ಎಷ್ಟು ಗಟ್ಟಿಯಾಗಿ ನಿಲ್ಲುತ್ತಿದೆ ಎಂಬುದನ್ನು ಗೆರೆ ಎಳೆದು ತೋರಿಸುವ ಯಂತ್ರಗಳು ಈಗ ದೊಡ್ಡ ಕೇಂದ್ರಗಳಲ್ಲಿವೆ. ಅದರಿಂದ ಊಹೆಯ ಮೇಲೆ ಕೊಡುವುದು ಕಡಿಮೆಯಾಗಿದೆ.

ಇದೆಲ್ಲ ಎಲ್ಲಿಂದ ಬರುತ್ತದೆ? ದಾನಿಗಳಿಂದ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಅದನ್ನು ಫ್ರಿಜ್ಜಿನಲ್ಲೂ ಇಡುವುದಿಲ್ಲ, 22 ಡಿಗ್ರಿಯ ಆಸುಪಾಸಿನಲ್ಲಿ ಸದಾ ಅಲುಗಾಡಿಸುತ್ತ ಇಡಬೇಕು. ಯಾವುದೋ ಜಯಂತಿಯ ದಿನ ನೂರು ಜನ ಕೊಟ್ಟು ಆಮೇಲೆ ತಿಂಗಳೆಲ್ಲ ಯಾರೂ ಬರದಿದ್ದರೆ, ಎರಡನೆಯ ವಾರ ಶಸ್ತ್ರಚಿಕಿತ್ಸೆಯಾಗುವ ಮಗುವಿಗೆ ಪ್ಲೇಟ್‌ಲೆಟ್ ಇರುವುದಿಲ್ಲ. ನಮ್ಮ ತಾಲ್ಲೂಕುಗಳ ಯುವಕ ಸಂಘಗಳು ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡುವ ಬದಲು ಸರದಿ ಹಾಕಿಕೊಂಡು ತಿಂಗಳು ತಿಂಗಳೂ ಕೊಡಬೇಕು. ಹದಿನೆಂಟು ತುಂಬಿದ, 45 ಕೆಜಿಗಿಂತ ಹೆಚ್ಚು ತೂಕದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಇನ್ನು ಎರಡನೆಯ ಅಪಾಯ. ಸೋರುವುದು ನಿಂತ ಮೇಲೆ, ಕೆಲವೊಮ್ಮೆ ಅದೇ ದಿನ, ವೈದ್ಯರು ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಶುರುಮಾಡಬೇಕು. ಶ್ವಾಸಕೋಶಕ್ಕೆ ರಕ್ತ ಸಾಲದ ನೀಲಿ ಮಕ್ಕಳಿಗೆ ಒಂದು ಕೃತಕ ನಾಳ ಜೋಡಿಸುತ್ತಾರೆ. ಬ್ಲಾಲಾಕ್, ಹೆಲೆನ್ ಟಾಸಿಗ್, ವಿವಿಯನ್ ಥಾಮಸ್ ಎಂಬ ಮೂವರ ಶ್ರಮದಿಂದ ಈ ಬಗೆಯ ಜೋಡಣೆ ಮೊದಲು ನಡೆದದ್ದು 1944ರ ನವೆಂಬರ್ 29ರಂದು. ಈಗ ನವಜಾತ ಶಿಶುವಿಗೆ ಹಾಕುವ ಕೊಳವೆ ಒಳಗಿನಿಂದ ಮೂರೂವರೆ ಮಿಲಿಮೀಟರ್ ಅಗಲ. ಪುಟ್ಟ ಹೆಪ್ಪೊಂದು ಅದನ್ನು ಮುಚ್ಚಲು ಸಾಕು. ಮುಚ್ಚಿದರೆ ಮಗುವಿಗೆ ಆಮ್ಲಜನಕದ ದಾರಿಯೇ ಇಲ್ಲ. ಆದ್ದರಿಂದ ಮೊದಲು ಹೆಪಾರಿನ್ನಿನ ಹನಿ, ಹಾಲು ಕುಡಿಯತೊಡಗಿದ ಮೇಲೆ ಆಸ್ಪಿರಿನ್. ಕುತ್ತಿಗೆ, ತೊಡೆಯ ದೊಡ್ಡ ರಕ್ತನಾಳಗಳಲ್ಲಿ ಹಾಕಿದ ಕೊಳವೆಗಳ ಸುತ್ತಲೂ ಹೆಪ್ಪುಗಟ್ಟಬಹುದು. ಆಗ ಒಂದು ಕಾಲು ಊದಿಕೊಳ್ಳುತ್ತದೆ, ಬಣ್ಣ ಬದಲಾಗುತ್ತದೆ. ಅಂಥ ಮಕ್ಕಳಿಗೆ ಕೆಲವು ವಾರ ಚರ್ಮದಡಿಗೆ ಚುಚ್ಚುವ ಹೆಪಾರಿನ್ ಬೇಕಾಗುತ್ತದೆ.

ಈಗ ಊರಿಗೆ ಬರೋಣ. ಮಗು ಹುಟ್ಟಿದೊಡನೆ ತೊಡೆಗೆ ಒಂದು ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ, 1 ಮಿಲಿಗ್ರಾಂ. ಯಕೃತ್ತು ಹೆಪ್ಪುಗಟ್ಟಿಸುವ ನಾಲ್ಕು ಮುಖ್ಯ ಅಂಶಗಳನ್ನು ತಯಾರಿಸಲು ಈ ವಿಟಮಿನ್ ಬೇಕೇ ಬೇಕು. ಇದನ್ನು ಕಂಡುಹಿಡಿದ ಹೆನ್ರಿಕ್ ಡಾಮ್ ಮತ್ತು ಇದರ ರಾಸಾಯನಿಕ ಸ್ವರೂಪವನ್ನು ತಿಳಿಸಿದ ಎಡ್ವರ್ಡ್ ಡಾಯ್ಸಿ ಅವರಿಗೆ 1943ರ ನೊಬೆಲ್ ಬಂತು. ಗರ್ಭದಲ್ಲಿ ಇದು ಮಗುವಿಗೆ ಸಾಕಷ್ಟು ದಾಟುವುದಿಲ್ಲ, ತಾಯಿಯ ಹಾಲಿನಲ್ಲೂ ಕಡಿಮೆ. ಹಾಗೆಂದು ಎದೆಹಾಲು ಬಿಡಿಸಬೇಡಿ, ಅದಕ್ಕೆ ಸಾಟಿ ಬೇರೆಯಿಲ್ಲ. ಇಂಜೆಕ್ಷನ್ ಆ ಕೊರತೆ ತುಂಬುತ್ತದೆ. ಅದು ತಪ್ಪಿದ ಮಕ್ಕಳಲ್ಲಿ ಎರಡನೆಯ ದಿನದಿಂದ ಹಿಡಿದು ಮೂರು ತಿಂಗಳ ಒಳಗೆ ಮಿದುಳಿನಲ್ಲೇ ರಕ್ತಸ್ರಾವ ಆಗಬಹುದು. ಹೃದಯದ ದೋಷವೂ ಇದ್ದು, ಈ ಇಂಜೆಕ್ಷನ್ ಕೊಟ್ಟಿದ್ದಾರೋ ಇಲ್ಲವೋ ತಿಳಿಯದೆ ಮಗು ಬೆಂಗಳೂರಿಗೆ ಬಂದರೆ ಶಸ್ತ್ರಚಿಕಿತ್ಸಕರಿಗೆ ಕಷ್ಟ. ತಾಯಿ ಕಾರ್ಡಿನಲ್ಲೋ ಡಿಸ್ಚಾರ್ಜ್ ಚೀಟಿಯಲ್ಲೋ ಅದನ್ನು ಬರೆಸಿಕೊಳ್ಳಿ. ನಮ್ಮಲ್ಲಿ ಹೆರಿಗೆ ತವರಿನಲ್ಲಿ, ತವರು ಎಷ್ಟೋ ಸಲ ಹಿಂದೂಪುರದಲ್ಲೋ ಮದನಪಲ್ಲಿಯಲ್ಲೋ ಇರುತ್ತದೆ. ಕಾಗದಗಳು ಅಲ್ಲೇ ಉಳಿದುಬಿಡುತ್ತವೆ. ಮಗುವಿನ ಜೊತೆಗೇ ಕಾಗದವೂ ಬರಲಿ.

ಮನೆಗೆ ಕಳುಹಿಸುವ ಮುಂಚೆ, ಹುಟ್ಟಿ ಒಂದು ದಿನ ತುಂಬಿದ ಮೇಲೆ, ಬಲಗೈಗೂ ಕಾಲಿಗೂ ಆಕ್ಸಿಮೀಟರ್ ಹಚ್ಚಿ ನೋಡಿಸಿ. ರಕ್ತದ ಆಮ್ಲಜನಕದ ಮಟ್ಟ ಸಾಮಾನ್ಯವಾಗಿ ಶೇಕಡ 95 ಅಥವಾ ಅದಕ್ಕಿಂತ ಮೇಲಿರಬೇಕು, ಎರಡರ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎರಡೇ ನಿಮಿಷದ ಕೆಲಸ, ನೋವಿಲ್ಲ. ಸಂಶಯ ಬಂದರೆ ಹೃದಯದ ಎಕೋ ಪರೀಕ್ಷೆ. ನಮ್ಮ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಇದು ಕಡ್ಡಾಯವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚಿನ ವಿಷಯಕ್ಕೆ ಒಂದು ಮಾತು: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮತ್ತು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಹುಟ್ಟು ಹೃದ್ರೋಗದ ಚಿಕಿತ್ಸೆಗೆ ನೆರವಾಗುತ್ತವೆ. ಜಮೀನು ಮಾರುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದ ಮಗುವಿನ ಮನೆಯವರಿಗೆ ಕೆಲವು ಮಾತು. ಆಸ್ಪಿರಿನ್ನಿನ ಅಳತೆಯನ್ನು ವೈದ್ಯರು ತೂಕದ ಮೇಲೆ ಬರೆದಿರುತ್ತಾರೆ. ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಔಷಧಿ ಕೊಡುವವರು ಅಜ್ಜಿ. ಮನೆಯಲ್ಲಿ ಕನ್ನಡ ಓದುತ್ತಾರೋ ತೆಲುಗು ಓದುತ್ತಾರೋ ಆ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿ. ‘ಈಗ ಚೆನ್ನಾಗಿದ್ದಾನಲ್ಲ, ಇನ್ಯಾಕೆ ಮಾತ್ರೆ’ ಎಂದು ನಿಲ್ಲಿಸಬೇಡಿ. ಎರಡು ದಿನ ತಪ್ಪಿಸಿ ಮೂರನೆಯ ದಿನ ಒಟ್ಟಿಗೆ ಕೊಡುವುದೂ ತಪ್ಪು. ಜ್ವರ ಬಂದರೆ ಅಂಗಡಿಯಿಂದ ನೋವಿನ ಸಿರಪ್ ತರಬೇಡಿ, ಅವುಗಳಲ್ಲಿ ಕೆಲವು ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು, ಫ್ಲೂ ಬಂದರೆ ಆಸ್ಪಿರಿನ್ ಮುಂದುವರಿಸಬೇಕೋ ಬೇಡವೋ ಎಂದು ಅದೇ ದಿನ ವೈದ್ಯರನ್ನು ಕೇಳಿ.

ಕೂಸಿಗೆ ಎಣ್ಣೆ ಹಚ್ಚಿ ಕೈಕಾಲು ತಿಕ್ಕಿ ನೀರು ಹಾಕುವ ನಮ್ಮ ಅಜ್ಜಿಯರ ಕೈ ದೊಡ್ಡದು, ಪ್ರೀತಿಯೂ ದೊಡ್ಡದು. ಆದರೆ ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವ ಮಗುವನ್ನು ಬಲವಾಗಿ ತಿಕ್ಕಿದರೆ ಚರ್ಮದಡಿ ರಕ್ತ ಕಟ್ಟುತ್ತದೆ. ಎದೆಯ ಮೂಳೆ ಕೂಡಿಕೊಳ್ಳುವ ಆರು ವಾರ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಬಾರದು, ಬೆನ್ನು ಮತ್ತು ಕುಂಡೆಯ ಕೆಳಗೆ ಕೈಯಿಟ್ಟು ಎತ್ತಿ. ಬರೆ ಹಾಕುವುದಂತೂ ಯಾವ ಮಗುವಿಗೂ ಕೂಡದು.

ಎಲ್ಲಕ್ಕಿಂತ ಹೆಚ್ಚಾಗಿ, ನೀರಿನಂಶ ಕಡಿಮೆಯಾಗಲು ಬಿಡಬೇಡಿ. ಕೃತಕ ನಾಳವಿರುವ ಮಗುವಿಗೆ ಭೇದಿ, ವಾಂತಿ ಶುರುವಾದರೆ ರಕ್ತ ಮಂದವಾಗಿ ಆ ನಾಳ ಮುಚ್ಚುವ ಅಪಾಯವಿದೆ. ನೀಲಿ ಮಕ್ಕಳ ರಕ್ತ ಮೊದಲೇ ಮಂದವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಕೂಸಿಗೆ ಸ್ವೆಟರು, ಟೋಪಿ, ಕಾಲುಚೀಲ ಹಾಕಿ ಸುತ್ತಿಡಬೇಡಿ, ಪದೇ ಪದೇ ಹಾಲು ಕುಡಿಸಿ. ನಾಲ್ಕು ಸಲ ಭೇದಿಯಾದ ಮೇಲೆ ನೋಡೋಣ ಎನ್ನಬೇಡಿ, ಎರಡನೆಯ ಸಲಕ್ಕೇ ಹೊರಡಿ.

ಮಗು ಇದ್ದಕ್ಕಿದ್ದಂತೆ ಹೆಚ್ಚು ನೀಲಿಯಾದರೆ, ಹಾಲು ಬಿಟ್ಟರೆ, ಉಸಿರು ವೇಗವಾದರೆ, ಮಲ ಕಪ್ಪಗಾದರೆ, ನೆತ್ತಿ ಉಬ್ಬಿದರೆ, ಫಿಟ್ಸ್ ಬಂದರೆ, ಒಂದು ಕಾಲು ಊದಿದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದುಕೊಂಡು ಹೊರಡಿ. ಯಾವ ಆಸ್ಪತ್ರೆಯ ಬಾಗಿಲು ಹತ್ತಿದರೂ, ಹೆಸರು ವಿಳಾಸ ಹೇಳುವ ಮುಂಚೆಯೇ, ‘ನಮ್ಮ ಮಗುವಿಗೆ ಹಾರ್ಟ್ ಆಪರೇಷನ್ ಆಗಿದೆ, ರಕ್ತ ತೆಳುವಾಗುವ ಔಷಧಿ ಕೊಡುತ್ತಿದ್ದೇವೆ’ ಎಂದು ಮೊದಲು ಹೇಳಿ.